ನಲವತ್ತೆಂಟು ಪುಟದ ಮಂದೆ

ಕಳೆದ ತಿಂಗಳು ಸಾತನೂರಿನಿಂದ ಕನಕಪುರಕ್ಕೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಆಗತಾನೇ ಒಂದು ಹದಮಳೆ ಬಿದ್ದು ನಿಂತಿತ್ತು. ಎದುರಿಗೆ ಕುರಿಮಂದೆಯೊಂದು ರಸ್ತೆಗೆ ಇಳಿದದ್ದರಿಂದ ಡ್ರೈವರ್ ಗಾಡಿ ಆಫ್ ಮಾಡಿ ಸುಮ್ಮನೆ ಕೂತ. ನೆನೆದ ಉಣ್ಣೆಯ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಮುಂದಿನ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು "ಥೂ, ಏನ್ ವಾಸ್ನೆ ಕಣಪ್ಪ" ಅಂದಳು. ನಾನು ಮುಚ್ಚಿಕೊಳ್ಳಲಿಲ್ಲ. ಆ ವಾಸನೆಯ ಮಧ್ಯೆ ನಾನೊಂದು ಇಡೀ ಚಳಿಗಾಲ ಕೆಲಸ ಮಾಡಿದ್ದೇನೆ. ಮಂದೆ ದಾಟುವಷ್ಟು ಹೊತ್ತೂ ಗುರುತಿನದು ಯಾವುದಾದರೂ ಇದೆಯೇನೋ ಅಂತ ಒಂದೊಂದರ ಮುಖವನ್ನೂ ನೋಡುತ್ತಿದ್ದೆ. ಇದ್ದಿದ್ದರೂ ಗುರುತು ಹಿಡಿಯುವ ಕಣ್ಣು ನನಗಿಲ್ಲ, ಅದು ಬೇರೆ ಮಾತು.

ನಾನು ಕಾಮಿಕ್ಸ್ ಬರೆಯುವವಳು. ಹೀಗೆ ಹೇಳಿದ ಕೂಡಲೇ ಎದುರಿಗಿದ್ದವರು "ಓ, ನಿಮಗೆ ಡ್ರಾಯಿಂಗ್ ಚೆನ್ನಾಗಿ ಬರುತ್ತಾ?" ಅಂತ ಕೇಳುತ್ತಾರೆ. ಬರುವುದಿಲ್ಲ. ನಾನು ಹಸುವಿನ ಚಿತ್ರ ಬರೆದರೆ ಶಾಲೆಯ ಬೆಂಚಿಗೆ ಬಾಲ ಬಂದ ಹಾಗಿರುತ್ತದೆ. ನನ್ನ ಕೆಲಸ ಏನಿದ್ದರೂ ಅಕ್ಷರದಲ್ಲಿ. ಉದ್ದನೆಯ ನೋಟುಬುಕ್ಕಿನ ಹಾಳೆಯಲ್ಲಿ ಆರು ಚೌಕ ಎಳೆದು, ಒಂದೊಂದರಲ್ಲೂ ಏನು ಕಾಣಬೇಕು, ಯಾರು ಏನು ಮಾತಾಡಬೇಕು ಅಂತ ಬರೆಯುತ್ತೇನೆ. ಅದನ್ನು ನೋಡಿಕೊಂಡು ಚಿತ್ರಗಾರ ಚಿತ್ರ ಬರೆಯುತ್ತಾನೆ. ಪುಸ್ತಕ ಬಂದ ಮೇಲೆ ಜನ ಚಿತ್ರ ನೋಡುತ್ತಾರೆ, ಮಾತು ಓದುತ್ತಾರೆ, ಇಷ್ಟೆಲ್ಲ ಯಾರೋ ಕೂತು ಬರೆದಿಟ್ಟದ್ದು ಅನ್ನುವುದು ಅವರಿಗೆ ಹೊಳೆಯುವುದಿಲ್ಲ. ನನ್ನ ಓರಗಿತ್ತಿ ಇವತ್ತಿಗೂ ನೆಂಟರ ಮುಂದೆ "ನಮ್ಮಕ್ಕ ಪುಸ್ತಕದ ಕೆಲಸ ಏನೋ ಮಾಡ್ತಾರೆ" ಅಂತಲೇ ಹೇಳುವುದು. ಹೆಚ್ಚುಕಡಿಮೆ ಸರಿಯಾಗಿಯೇ ಹೇಳುತ್ತಾಳೆ.

ನನ್ನ ದಿನ ಬಹಳ ಸಪ್ಪೆ. ಬೆಳಗ್ಗೆ ಐದೂವರೆಗೆ ಎದ್ದು ಕಾಫಿ ಮಾಡಿಕೊಂಡು ಅಡುಗೆಮನೆಯ ಕಟ್ಟೆಯ ಮೇಲೇ ಒಂದು ಹಳೇ ಕಾಮಿಕ್ಸ್ ಬಿಡಿಸಿಕೊಳ್ಳುತ್ತೇನೆ. ರಾಮನಗರದಲ್ಲಿ ನಮ್ಮ ಹಳೇ ಮನೆ ಹತ್ತಿರ ಬಾಡಿಗೆ ಪುಸ್ತಕದ ಅಂಗಡಿಯೊಂದಿತ್ತು. ಅದು ಮುಚ್ಚಿದಾಗ ಎರಡು ಗೋಣಿಚೀಲ ತುಂಬಾ ಹೊತ್ತು ತಂದಿದ್ದೆ, ಅದೇ ನನ್ನ ಲೈಬ್ರರಿ. ಓದುವ ಕ್ರಮ ಒಂದಿದೆ. ಮೊದಲ ಸಲ ಮಾತಿನ ಗುಳ್ಳೆಗಳ ಮೇಲೆಲ್ಲ ಕಾಗದದ ಚೂರು ಇಟ್ಟು ಬರೀ ಚಿತ್ರ ನೋಡುತ್ತೇನೆ. ಎರಡನೇ ಸಲ ಚಿತ್ರ ಮುಚ್ಚಿ ಬರೀ ಮಾತು ಓದುತ್ತೇನೆ. ಮಾತು ಮುಚ್ಚಿದಾಗಲೂ ಕತೆ ಅರ್ಥವಾದರೆ ಬರೆದವನು ಕಡಿಮೆ ಕೆಲಸ ಮಾಡಿದ್ದಾನೆ, ಚಿತ್ರ ಮುಚ್ಚಿದಾಗಲೂ ಅರ್ಥವಾದರೆ ಜಾಸ್ತಿ ವಟಗುಟ್ಟಿದ್ದಾನೆ ಎಂದು ಲೆಕ್ಕ. ಆಮೇಲೆ ಪೇಪರಿನ ಶ್ರದ್ಧಾಂಜಲಿ ಪುಟ. ಪಾತ್ರಗಳಿಗೆ ಹೆಸರು ಬೇಕಲ್ಲ, ಈ ಕಡೆಯ ಒಳ್ಳೆಯ ಹೆಸರುಗಳೆಲ್ಲ ಈಗ ಅಲ್ಲಿ ಮಾತ್ರ ಸಿಗುತ್ತವೆ. ತಿಂಡಿ ಆದ ಮೇಲೆ ಹನ್ನೊಂದರವರೆಗೆ ಬರೆಯುತ್ತೇನೆ. ಬರೆದದ್ದನ್ನು ಮೊದಲು ಓದುವವರು ನನ್ನ ಗಂಡ. ಅವರು ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುತ್ತಾರೆ, ಯಾವುದಕ್ಕೂ ನಗುವುದಿಲ್ಲ. ಅವರ ತುಟಿ ಒಸಿ ಅಲ್ಲಾಡಿದರೂ ಆ ಪುಟ ಪಾಸು.

ಈಗ ನನ್ನ ಮೇಜಿನ ಮೇಲೆ ಎರಡು ಕೆಲಸ ಇವೆ. ಒಂದು, ಮಾಗಡಿ ಡಿಪೋದ ಕಂಡಕ್ಟರಮ್ಮನ ಕತೆ. ಒಂದೇ ರೂಟಿನಲ್ಲಿ ಹತ್ತೊಂಬತ್ತು ವರ್ಷ ಓಡಾಡಿ, ಪ್ರಯಾಣಿಕರ ಮಕ್ಕಳ ಮದುವೆಗಳನ್ನೆಲ್ಲ ಬಸ್ಸಿನಲ್ಲೇ ಕುದುರಿಸುವವಳು. ಇನ್ನೊಂದು, ಚನ್ನಪಟ್ಟಣದ ಶಾಲೆಗಳಿಗಾಗಿ ಮಾತೇ ಇಲ್ಲದ ಹದಿನಾರು ಪುಟದ ಪುಸ್ತಕ. ಎರಡೂ ನಿಧಾನವಾಗಿ ನಡೆಯುತ್ತಿವೆ. ನಾನು ಮೊದಲು ಇಷ್ಟು ನಿಧಾನದವಳಲ್ಲ. ನಿಧಾನವಾದದ್ದು ಆ ಕುರಿ ಪುಸ್ತಕದ ನಂತರ.

ಮೂರು ವರ್ಷದ ಹಿಂದಿನ ಮಾತು. ಅಲ್ಲಿಯವರೆಗೆ ನಾನು ಬರೆದದ್ದೆಲ್ಲ ಬಿಡಿಬಿಡಿ ಪುಟಗಳು. ಮಕ್ಕಳ ಮಾಸಿಕಕ್ಕೆ ಎರಡು ಪುಟದ ನೀತಿಕತೆ, ಕೈ ತೊಳೆದುಕೊಳ್ಳಿ ಎಂದು ಹೇಳುವ ನಾಲ್ಕು ಪುಟದ ಕರಪತ್ರ, ಇಂಥವು. ರಟ್ಟಿನ ಮೇಲೆ ನನ್ನ ಹೆಸರಿರುವ ಪುಸ್ತಕ ಒಂದೂ ಇರಲಿಲ್ಲ. ಬೆಂಗಳೂರಿನ ಪ್ರಕಾಶಕರೊಬ್ಬರು ನಲವತ್ತೆಂಟು ಪುಟದ ಪುಸ್ತಕ ಬರೆದುಕೊಡಿ, ಹಳ್ಳಿಯ ವಿಷಯ ಇರಲಿ, ಚಿತ್ರಗಾರನನ್ನೂ ನೀವೇ ಹುಡುಕಿ ಅಂದರು. ನಲವತ್ತೇಳರ ವಯಸ್ಸಿನಲ್ಲಿ ಬಂದ ಅವಕಾಶ. ಕುಣಿದಾಡುವ ವಯಸ್ಸಲ್ಲ, ಆದರೂ ಆ ದಿನ ಕಾಫಿಗೆ ಎರಡು ಸಲ ಸಕ್ಕರೆ ಹಾಕಿದೆ.

ಚಿತ್ರಗಾರ ಸಿಕ್ಕಿದ್ದು ಕನಕಪುರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ. ನಾಗರಾಜು ಅಂತ, ಮೂವತ್ತೆರಡು ವರ್ಷ, ಹೆಂಡತಿ ಆಶಾ ಕಾರ್ಯಕರ್ತೆ. ಊರು ಕೋಡಿಹಳ್ಳಿಯಿಂದ ಎರಡು ಮೈಲಿ ಒಳಗೆ. ಮೊದಲು ಅಂಗಡಿಗಳ ಬೋರ್ಡು, ಲಾರಿಯ ಹಿಂಬದಿ ಎಲ್ಲ ಬರೆಯುತ್ತಿದ್ದವನು ಫ್ಲೆಕ್ಸ್ ಬಂದ ಮೇಲೆ ಬ್ರಷ್ ಕಟ್ಟಿಟ್ಟು ಮೌಸ್ ಹಿಡಿದಿದ್ದ. ದಿನವಿಡೀ ಹುಟ್ಟುಹಬ್ಬದ ಬ್ಯಾನರುಗಳಲ್ಲಿ ಮುಖಂಡರ ತಲೆಗಳನ್ನು ಕತ್ತರಿಸಿ ಅಂಟಿಸುವುದೇ ಅವನ ಕೆಲಸ. ನಾನು ನಮ್ಮ ಬೀದಿಯ ಗಣಪತಿಯ ಬ್ಯಾನರಿಗೆಂದು ಹೋದಾಗ ರಶೀದಿಪುಸ್ತಕದ ಹಿಂದೆ ಅವನು ಪೆನ್ನಿನಲ್ಲಿ ಬರೆದಿದ್ದ ಕುರಿಯೊಂದನ್ನು ನೋಡಿದೆ. ಕುರಿ ಹಿಂತಿರುಗಿ ನೋಡುತ್ತಿತ್ತು. ನೋಟದಲ್ಲಿ ಸ್ಪಷ್ಟವಾದ ಅಸಮಾಧಾನ ಇತ್ತು.

"ಇದ್ಯಾವ ಕುರಿ?" ಅಂದೆ.

"ನಾದಿನಿ ಅಂತ. ನಮ್ಮಪ್ಪನ ಮಂದೇದು. ಯಾವಾಗ್ಲೂ ಮುನಿಸ್ಕೊಂಡು ದೂರ ನಿಂತಿರ್ತದೆ, ಅದ್ಕೇ ಆ ಹೆಸ್ರು" ಅಂದ.

ಪುಸ್ತಕ ಅಲ್ಲೇ ಹುಟ್ಟಿತು. ಒಂದು ಮಂದೆ, ಒಂದು ದಿನ. ಬೆಳಗ್ಗೆ ಹೊರಡುತ್ತದೆ, ಮಧ್ಯೆ ಒಂದು ಕುರಿ ಕಾಣೆಯಾಗುತ್ತದೆ, ಹುಡುಕುತ್ತಾರೆ, ಸಿಗುತ್ತದೆ, ಸಂಜೆ ಎಲ್ಲ ಒಟ್ಟಿಗೆ ಇಳಿಜಾರು ಇಳಿದು ಬರುತ್ತವೆ. ಇಷ್ಟೇ ಕತೆ.

ದೀಪಾವಳಿ ಕಳೆದ ಮೊದಲ ಭಾನುವಾರ ನಾಗನ ಬೈಕಿನ ಹಿಂದೆ ಕೂತು ಅವನ ಊರಿಗೆ ಹೋದೆ. ರಾಗಿ ಕಟಾವು ನಡೆದಿತ್ತು, ಕೊಯ್ದ ಹೊಲಗಳಲ್ಲಿ ಕೂಳೆ ಮಾತ್ರ ಉಳಿದಿತ್ತು. ನಾಗನ ಅಪ್ಪ ಕಬ್ಬಾಳಯ್ಯ ಮಂದೆಯನ್ನು ಅಂಥದೊಂದು ಹೊಲಕ್ಕೆ ಬಿಟ್ಟುಕೊಂಡು ಬದುವಿನ ಹೊಂಗೆಮರದ ಕೆಳಗೆ ನಿಂತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಹೆಂಡತಿ ಹೋಗಿ ಬಹಳ ವರ್ಷ ಆಗಿದೆ. ತಲೆಗೆ ಟವೆಲ್ಲು, ಕೈಯಲ್ಲಿ ಕೋಲು. ಕೋಲಿಗಿಂತ ನಾಲಗೆಯನ್ನೇ ಹೆಚ್ಚು ಬಳಸುತ್ತಿದ್ದರು.

"ಬಾವ್ವ. ನಾಗ ಯೋಳ್ದ. ಕುರಿ ಕತೆ ಬರೀತೀಯಂತಲ್ಲ? ಕುರಿಗೇನ್ ಕತೆ ಇದ್ದದವ್ವಾ, ಮೇಯ್ತವೆ, ಮನಿಕ್ಕತವೆ" ಅಂದರು. ನಾನು ನೋಟುಬುಕ್ಕು ತೆಗೆದೆ. ಪುಟಗಳ ಲೆಕ್ಕ ಹಾಕಬೇಕಲ್ಲ ಅಂತ ಮೊದಲು ಕೇಳಿದ ಪ್ರಶ್ನೆಯೇ "ಒಟ್ಟು ಎಷ್ಟು ಕುರಿ ಇವೆ?"

ನಾಗ ನನ್ನ ಮೊಣಕೈ ತಿವಿದ. ಅಷ್ಟರಲ್ಲಿ ಪ್ರಶ್ನೆ ಬಾಯಿಂದ ಹೊರಗೆ ಬಂದಾಗಿತ್ತು.

"ಎಣ್ಸಬಾರ್ದು ಕಣವ್ವ. ಎಣ್ಸುದ್ರೆ ತೋಳನ್ ಕಿವಿಗೆ ಬೀಳ್ತದೆ" ಅಂದರು ಕಬ್ಬಾಳಯ್ಯ.

"ಎಣಿಸದಿದ್ದರೆ ಒಂದು ಕಮ್ಮಿ ಆಯಿತು ಅಂತ ಹೇಗೆ ಗೊತ್ತಾಗುತ್ತೆ?"

"ನಿಮ್ಮನೇಲಿ ಉಣ್ಣಾಕೆ ಕುಂತಾಗ ತಲೆ ಎಣಿಸ್ತಿಯಾ? ಯಾರ್ ಬಂದಿಲ್ಲ ಅಂತ ಗೊತ್ತಾಗಾಕಿಲ್ವಾ?"

ಆ ಮನೆಯಲ್ಲಿ ಮೂರು ತಲೆಮಾರಿನಿಂದ ಯಾರೂ ಮಂದೆ ಎಣಿಸಿಲ್ಲವಂತೆ. ಸರ್ಕಾರದ ಜಾನುವಾರು ಗಣತಿಯವರು ಬಂದಾಗ ಕಬ್ಬಾಳಯ್ಯ "ಅಲ್ಲಿ ಅವೆ, ನೀವೇ ಎಣಿಸ್ಕೊಳಿ, ನಂಗ್ ಯೋಳ್ಬ್ಯಾಡಿ" ಅಂದು ಬೆನ್ನು ತಿರುಗಿಸಿ ಕೂತಿದ್ದರಂತೆ. ನನಗೆ ಸಿಕ್ಕಿದ್ದು ಸಂಖ್ಯೆ ಅಲ್ಲ, ಹೆಸರು. ಕೆಂಚಿ, ಮುರುಕಿವಿ, ಕರಿಮೂತಿ, ಸಂತೆಯಿಂದ ತಂದದ್ದಕ್ಕೆ ಸಂತೆವ್ವ, ಎಲ್ಲರನ್ನೂ ದಬಾಯಿಸುವ ಒಂದಕ್ಕೆ ಅತ್ತೆ, ಕೆಮ್ಮುವ ಒಂದಕ್ಕೆ ಮೇಷ್ಟ್ರು. ನನ್ನ ಕಣ್ಣಿಗೆ ಎಲ್ಲವೂ ಒಂದೇ. ಬಿಳಿಮೈ, ಕಂದುಮುಖ, ಗಿಡ್ಡ ಕಾಲು. ಅವರು ಕೋಲು ತೋರಿಸುತ್ತ ಹೇಳುತ್ತಿದ್ದರೆ ನಾಗ ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತು ಮುಖಗಳನ್ನು ಬರೆದುಕೊಳ್ಳುತ್ತಿದ್ದ. ಫ್ಲೆಕ್ಸ್ ಅಂಗಡಿಯಲ್ಲಿ ನಾನು ನೋಡಿದ್ದ ಮನುಷ್ಯ ಇವನೇನಾ ಅನಿಸುವ ಹಾಗೆ ಅವನ ಕೈ ಓಡುತ್ತಿತ್ತು.

ಹೀಗೆ ಶುರುವಾದದ್ದು ಒಂದು ಪದ್ಧತಿಯೇ ಆಯಿತು. ವಾರವೆಲ್ಲ ನಾನು ಬರೆಯುವುದು, ಭಾನುವಾರ ಹೊಲಕ್ಕೆ ಹೋಗುವುದು. ಬೇರೆ ರೈತರು ತಮ್ಮ ಹೊಲದಲ್ಲಿ ಒಂದೆರಡು ರಾತ್ರಿ ಮಂದೆ ನಿಲ್ಲಿಸಲು ಕರೆಯುತ್ತಿದ್ದರು, ಹಿಕ್ಕೆ ಗೊಬ್ಬರ ಆಗಲೆಂದು. ಆದ್ದರಿಂದ ಈ ವಾರ ಮಂದೆ ಇರುವ ಜಾಗದಲ್ಲಿ ಬರುವ ವಾರ ಇರುತ್ತಿರಲಿಲ್ಲ. ಒಮ್ಮೆ ದೊಡ್ಡಆಲಹಳ್ಳಿ ದಾರಿಯಲ್ಲಿ, ಒಮ್ಮೆ ಕಬ್ಬಾಳು ಬೆಟ್ಟ ಕಾಣುವ ಹುರುಳಿ ಹೊಲದಲ್ಲಿ. ಬೆಳಗಿನ ಚಳಿ ಹನ್ನೊಂದಕ್ಕೆಲ್ಲ ಮಾಯವಾಗಿ ಬಿಸಿಲು ಚುರುಗುಟ್ಟುತ್ತಿತ್ತು. ನಾನು ಬುತ್ತಿಗೆ ಚಿತ್ರಾನ್ನ ಒಯ್ದರೆ ಕಬ್ಬಾಳಯ್ಯ "ಇದು ಊಟವಾ, ತಿಂಡಿಯಾ?" ಅಂತ ಕೇಳಿ ತಮ್ಮ ರಾಗಿಮುದ್ದೆಯಲ್ಲಿ ಅರ್ಧ ಕೊಡುತ್ತಿದ್ದರು. ಓದುವ ಅಭ್ಯಾಸವೇ ಆ ತಿಂಗಳುಗಳಲ್ಲಿ ತಪ್ಪಿಹೋಯಿತು. ಗೋಣಿಚೀಲದ ಪುಸ್ತಕಗಳಿಗೆ ಧೂಳು ಕೂತಿತು.

ಮೊದಲ ಪುಟ ಮುಗಿದಾಗ ನಾಗ ಅದನ್ನು ಅಪ್ಪನಿಗೆ ತೋರಿಸಿದ. ಆರು ಚೌಕ. ಆರರಲ್ಲೂ ಕೆಂಚಿ ಇದ್ದಾಳೆ. ಎದ್ದಳು, ಹೊರಟಳು, ಮೇಯ್ದಳು, ನೀರು ಕುಡಿದಳು ಹೀಗೆ. ಕಬ್ಬಾಳಯ್ಯ ಜೀವಮಾನದಲ್ಲಿ ಕಾಮಿಕ್ಸ್ ನೋಡಿದವರಲ್ಲ. ಹಾಳೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ನಮ್ಮಲ್ಲಿರೋದು ಒಂದೇ ಕೆಂಚಿ ಕಣ್ಲಾ. ಆರ್ ಮಾಡಿದ್ದೀಯಲ್ಲ?"

"ಒಂದೇ ಕಣಪ್ಪ. ಇದು ಬೆಳಗ್ಗೆ, ಇದು ಆಮೇಲೆ, ಇದು ಇನ್ನೂ ಆಮೇಲೆ. ಅದೇ ಕೆಂಚಿ."

"ಬೆಳಗ್ಗಿಂದ ಸಂದೆವರ್ಗೂ ಅಂತೀಯಾ?"

"ಊಂ."

"ಅಂಗಾದ್ರೆ ನೆಳ್ಳು ಯಾಕ್ಲಾ ಒಂದೇ ಕಡೆ ನಿಂತದೆ?"

ನಾಗ ಹಾಳೆ ಕಿತ್ತುಕೊಂಡು ನೋಡಿದ. ನಾನೂ ನೋಡಿದೆ. ಆರು ಚೌಕದಲ್ಲೂ ನೆರಳು ಎಡಕ್ಕೇ ಬಿದ್ದಿತ್ತು. ಇಪ್ಪತ್ತು ವರ್ಷದಿಂದ ಮಾತು ಮುಚ್ಚಿ ಚಿತ್ರ ಓದುವವಳು ನಾನು, ನನಗೆ ಅದು ಕಂಡಿರಲಿಲ್ಲ. ನಾಗ ಇಡೀ ಪುಟ ಮತ್ತೆ ಬರೆದ. ಅಲ್ಲಿಂದ ಮುಂದೆ ಪ್ರತಿ ಪುಟವೂ ಹೊಂಗೆಮರದ ಕೆಳಗೆ ಪಾಸಾಗಿಯೇ ನನ್ನ ಮೇಜಿಗೆ ಬರುತ್ತಿತ್ತು. ಕಬ್ಬಾಳಯ್ಯ ಬಲು ಬೇಗ ಕಾಮಿಕ್ಸ್ ಓದಲು ಕಲಿತರು. ಅಕ್ಷರ ಬರುತ್ತಿರಲಿಲ್ಲ, ಮಾತನ್ನು ನಾಗ ಓದಿ ಹೇಳಬೇಕು. "ನಾನು ಅಂಗಂತೀನಾ? ಅಂಗನ್ನಲ್ಲ ನಾನು" ಅಂದು ನನ್ನ ಮಾತುಗಳನ್ನೂ ತಿದ್ದಿಸಿದರು. ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ರೂಢಿಯಾಯಿತು.

ಸಂಕ್ರಾಂತಿ ಹೊತ್ತಿಗೆ ಇಪ್ಪತ್ತಾರು ಪುಟ ಆಗಿದ್ದವು. ಆಗಲೇ ಕಬ್ಬಾಳಯ್ಯನ ಮಂಡಿ ಪೂರ್ತಿ ಕೈಕೊಟ್ಟಿತು. ಡಾಕ್ಟರು ಎಕ್ಸ್‌ರೇ ತೆಗೆಸಿ, ಸವೆದುಹೋಗಿದೆ, ಇನ್ನು ಬೆಟ್ಟಗುಡ್ಡ ಅಂತ ನಡೆದಾಡುವ ಹಾಗಿಲ್ಲ ಅಂದರು. ಮಂದೆ ಹಿಂದೆ ನಡೆಯುವವರು ಮನೆಯಲ್ಲಿ ಬೇರೆ ಇರಲಿಲ್ಲ. ನಾಗ ಅಂಗಡಿ ಬಿಡುವ ಹಾಗಿರಲಿಲ್ಲ, ಬಿಟ್ಟರೂ ಅವನು ಕುರಿ ಕಾಯುವುದಕ್ಕಿಂತ ಕುರಿ ಬರೆಯುತ್ತಾ ಕೂರುವವನು. ಯುಗಾದಿಯವರೆಗೆ ಹೇಗೋ ಊರ ಪಕ್ಕದ ಹೊಲದಲ್ಲೇ ಮೇಯಿಸಿ, ಆಮೇಲೆ ಮಂದೆಯನ್ನು ಕೊಟ್ಟುಬಿಡುವುದು ಅಂತ ತೀರ್ಮಾನವಾಯಿತು. ಒಂದು ಪಾಲು ದೊಡ್ಡಆಲಹಳ್ಳಿಯ ಅಳಿಯನಿಗೆ, ಮಿಕ್ಕದ್ದು ಕಬ್ಬಾಳಿನ ಕಡೆಯ ಒಬ್ಬರಿಗೆ. ಕಬ್ಬಾಳಯ್ಯ ಇದನ್ನು ಹೇಳುವಾಗ ಅಳಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. ಅವರು ಕೇಳಿದ್ದು ಒಂದೇ.

"ಎಲ್ಲಾವೂ ಬತ್ತವಾ ಬುಕ್ಕಲ್ಲಿ?"

"ಬರುತ್ತವೆ" ಅಂದೆ ನಾನು.

"ಒಂದೂ ಬುಡಬಾರ್ದು ಕಣವ್ವ. ಒಂದ್ ಬುಟ್ರೆ ಅದು ಏನನ್ಕತದೆ?"

"ಒಂದನ್ನೂ ಬಿಡಲ್ಲ, ಅಯ್ಯ."

ಇದು ನಾನು ಬಾಯಿಬಿಟ್ಟು ಕೊಟ್ಟ ಮಾತು. ಯಾರೂ ನನ್ನಿಂದ ಬಲವಂತಕ್ಕೆ ಹೇಳಿಸಿದ್ದಲ್ಲ. ನಾಗ ಅದಕ್ಕೆ ಉಪಾಯವನ್ನೂ ಹುಡುಕಿದ. ಪುಸ್ತಕದ ಕೊನೆಯಲ್ಲಿ ಎದುರುಬದುರು ಎರಡು ಪುಟ ಸೇರಿಸಿ ಒಂದೇ ದೊಡ್ಡ ಚಿತ್ರ ಬರುವುದಿತ್ತು, ಇಡೀ ಮಂದೆ ಇಳಿಜಾರು ಇಳಿದು ಬರುವುದು. ಮೊದಲಿನ ಪುಟಗಳಲ್ಲಿ ಜಾಗ ಸಿಗದ ಕುರಿಗಳನ್ನೆಲ್ಲ ಅಲ್ಲಿ ಬರೆಯುವುದು, ಒಂದೊಂದನ್ನೂ ಅದರದರ ಮುಖದಲ್ಲಿ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಅದಕ್ಕೆ ಏನಿಲ್ಲವೆಂದರೂ ಐದಾರು ಭಾನುವಾರ ಬೇಕು ಅಂದ.

ಮಾಘದ ನಡುವಿಗೆ ಬಿಸಿಲು ಏರಿತು. ಪ್ರಕಾಶಕರ ಕಡೆಯ ಸಂಪಾದಕರು ಫೋನು ಮಾಡಿದರು. ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಪುಸ್ತಕ ಅಂಗಡಿಯಲ್ಲಿರಬೇಕು, ಶಿವರಾತ್ರಿ ಮುಗಿದ ವಾರವೇ ಎಲ್ಲ ಪುಟ ಪ್ರೆಸ್ಸಿಗೆ ಬರಬೇಕು, ಇಲ್ಲದಿದ್ದರೆ ಮುಂದಿನ ವರ್ಷ ನೋಡೋಣ ಅಂದರು. ಮುಂದಿನ ವರ್ಷ ಅನ್ನುವ ಮಾತು ನನಗೆ ಚೆನ್ನಾಗಿ ಗೊತ್ತು, ಅದರಲ್ಲಿ ಎಷ್ಟೋ ಪುಸ್ತಕ ಕರಗಿಹೋಗಿವೆ. ಇದರ ಜೊತೆಗೆ ಇನ್ನೊಂದು ನಿಜವನ್ನೂ ಹೇಳಬೇಕು. ಆಗಲೇ ನನ್ನ ತಲೆಯಲ್ಲಿ ಕಂಡಕ್ಟರಮ್ಮ ಓಡಾಡಲು ಶುರುಮಾಡಿದ್ದಳು. ಕುರಿಗಳ ಬಗ್ಗೆ ನನಗೆ ಬೇಸರ ಬಂದಿತ್ತು. ಒಂದು ಕೆಲಸ ಅರ್ಧಕ್ಕೆ ಬಂದಾಗ ಮುಂದಿನದರ ಮೇಲೆ ಆಸೆಯಾಗುವುದು ನನ್ನ ಹಳೇ ಚಾಳಿ. ಪ್ರೆಸ್ಸಿನ ದಿನವನ್ನು ಎರಡು ವಾರ ಮುಂದಕ್ಕೆ ಹಾಕಿ ಅಂತ ಸಂಪಾದಕರನ್ನು ನಾನು ಕೇಳಬಹುದಿತ್ತು. ಕೇಳಲಿಲ್ಲ.

ನಾಗನ ಅಂಗಡಿಗೆ ಹೋದೆ. ಮಷೀನಿನಲ್ಲಿ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು ಉದ್ದಕ್ಕೆ ಹೊರಬರುತ್ತಿತ್ತು, ಮೇಲೆ ದೊಡ್ಡ ಮುಖ, ಕೆಳಗೆ ಸಾಲಾಗಿ ಶುಭ ಕೋರುವ ಸಣ್ಣ ಮುಖಗಳು.

"ಕೊನೆಯ ಜೋಡಿಪುಟ ಒಂದು ವಾರದಲ್ಲಿ ಬೇಕು ನಾಗ" ಅಂದೆ.

"ಆಗಲ್ಲ ಅಕ್ಕ. ಇನ್ನೂ ಬರೀದೇ ಇರೋವು ಅವೆ."

"ಎಷ್ಟಿವೆ?"

"ಎಷ್ಟು ಅಂತ ಎಂಗ್ ಯೋಳ್ಲಿ? ಅವೆ ಅಷ್ಟೆ. ನಾದಿನೀನೇ ಇನ್ನೂ ಬರ್ದಿಲ್ಲ."

ಮೊದಲು ರಶೀದಿಪುಸ್ತಕದ ಹಿಂದೆ ಬರೆದ ಕುರಿಯನ್ನು ಅವನು ಕೊನೆಗೆಂದು ಎತ್ತಿಟ್ಟುಕೊಂಡಿದ್ದ. ನಾನು ಮಷೀನಿನ ಕಡೆ ಕೈ ತೋರಿಸಿದೆ. "ಇಲ್ಲಿ ದಿನಾ ಮಾಡ್ತೀಯಲ್ಲ, ಹಾಗೇ ಮಾಡು. ಬರೆದಿರೋ ಕುರೀಲಿ ಆರು ತಗೊ. ಸ್ಕ್ಯಾನ್ ಮಾಡು, ಕಾಪಿ ಮಾಡಿ ಪೇಸ್ಟ್ ಮಾಡು. ನಾಲ್ಕನ್ನ ಎಡಕ್ಕೆ ತಿರುಗಿಸು, ನಾಲ್ಕನ್ನ ಬಲಕ್ಕೆ. ಹಿಂದಿನವನ್ನ ಚಿಕ್ಕದು ಮಾಡು. ಮುಖದ ಮೇಲೆ ಒಸಿ ಕಪ್ಪು ಅಲ್ಲಿ ಇಲ್ಲಿ ಹಚ್ಚು. ಎಲ್ಲಾ ಇಳಿಜಾರು ಇಳಿದು ಬರೋ ಗಲಾಟೇಲಿ ಯಾರು ಮುಖ ನೋಡ್ತಾರೆ?"

ನಾಗ ಫ್ಲೆಕ್ಸಿನ ಅಂಚನ್ನು ಬ್ಲೇಡಿನಲ್ಲಿ ಕತ್ತರಿಸುತ್ತಿದ್ದವನು ಕೈ ನಿಲ್ಲಿಸಿದ. "ಅಪ್ಪಂಗೆ ಗೊತ್ತಾಯ್ತದೆ ಅಕ್ಕ" ಅಂದ.

"ನಿಮ್ಮಪ್ಪ ಕುರಿ ಕಾಯೋರು ಕಣೋ. ಪುಸ್ತಕ ಕೊಳ್ಳೋರಲ್ಲ."

ಈ ಮಾತನ್ನು ನಾನು ಆಡಿದ್ದು ಹೌದು. ಅವನ ಅಪ್ಪ ಕೊಟ್ಟ ರಾಗಿಮುದ್ದೆಯನ್ನು ಮೂರು ತಿಂಗಳು ಉಂಡು, ಅವರ ಕಣ್ಣಿನಿಂದ ನನ್ನ ಪುಟಗಳನ್ನು ತಿದ್ದಿಸಿಕೊಂಡು, ಆಡಿದ ಮಾತು ಇದು. ಆಗ ನನಗೆ ಏನೂ ಅನಿಸಲಿಲ್ಲ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ನಾಗ ಆ ಅಂಗಡಿಯ ಕೆಲಸದಿಂದ ಒಂದಷ್ಟು ಹೊತ್ತು ತಪ್ಪಿಸಿಕೊಳ್ಳಲೆಂದೇ ನನ್ನ ಜೊತೆ ಬಂದವನು. ಅದೇ ಕೆಲಸವನ್ನು ನಾನು ಪುಸ್ತಕದ ಒಳಗೂ ಅವನಿಂದ ಮಾಡಿಸಿದೆ. ಅವನು ಜಗಳ ಆಡಲಿಲ್ಲ. "ಆಯ್ತು, ನೀವ್ ಯೋಳ್ದಂಗೆ" ಅಂದ. ನಾಲ್ಕೇ ದಿನಕ್ಕೆ ಜೋಡಿಪುಟ ಬಂತು. ಮಂದೆ ದಂಡಿಯಾಗಿತ್ತು, ಇಳಿಜಾರಿನ ತುಂಬಾ ಕುರಿಯೋ ಕುರಿ. ನಾನು ಮಾತು ಮುಚ್ಚಿ ಓದಿದೆ, ಚಿತ್ರ ಮುಚ್ಚಿ ಓದಿದೆ, ಬಹಳ ಚೆನ್ನಾಗಿದೆ ಅಂದುಕೊಂಡೆ. ನನ್ನ ಗಂಡನ ತುಟಿಯೂ ಅಲ್ಲಾಡಿತು. ಸಂಪಾದಕರು ಅದೇ ಪುಟವನ್ನು ಎತ್ತಿಕೊಂಡು "ಅದ್ಭುತ, ಇದನ್ನೇ ಪೋಸ್ಟರ್ ಮಾಡಿಸೋಣ" ಅಂದರು.

ಆ ಒಂದು ಪುಟ ಮಾತ್ರ ಹೊಂಗೆಮರದ ಕೆಳಗೆ ಪಾಸಾಗದೆ ಪ್ರೆಸ್ಸಿಗೆ ಹೋಯಿತು.

ಯುಗಾದಿ ಆದ ಮೂರನೇ ದಿನ ಮಂದೆ ಹೋಯಿತು. ನಾನು ಹೋಗಿರಲಿಲ್ಲ, ಬೆಂಗಳೂರಿನಲ್ಲಿ ಕರಡು ತಿದ್ದುತ್ತಾ ಕೂತಿದ್ದೆ. ನಾಗ ಆಮೇಲೆ ಹೇಳಿದ. ಅಳಿಯನ ಪಾಲಿನವು ನಡೆದುಕೊಂಡೇ ಹೋದವಂತೆ. ಕಬ್ಬಾಳಿನ ಕಡೆಯವರು ಗೂಡ್ಸ್ ಆಟೋ ತಂದಿದ್ದರಂತೆ, ಹತ್ತಿಸಲು ನಾದಿನಿ ಬಹಳ ಸತಾಯಿಸಿತಂತೆ. ತಗೊಂಡವರು ಒಂದು, ಎರಡು ಅಂತ ಗಟ್ಟಿಯಾಗಿ ಎಣಿಸಲು ಶುರುಮಾಡಿದಾಗ ಕಬ್ಬಾಳಯ್ಯ ಎದ್ದು ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರಂತೆ. ಆ ಹೊತ್ತಿಗೆ ಮುಖ ಬರೆದುಕೊಳ್ಳೋಣವೆಂದು ನಾಗ ಪುಸ್ತಕ, ಪೆನ್ನು ಹಿಡಿದು ನಿಂತಿದ್ದನಂತೆ. ಗಲಾಟೆಯಲ್ಲಿ ಒಂದೂ ಆಗಲಿಲ್ಲ ಅಂದ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ. ಅವತ್ತು ಆತುರ ನನ್ನದು, ನಷ್ಟ ಅವನದು.

ಪುಸ್ತಕ ಜೂನ್‌ನಲ್ಲೇ ಬಂತು. ನುಣುಪು ಕಾಗದ, ರಟ್ಟಿನ ಮೇಲೆ ಇಬ್ಬರ ಹೆಸರೂ ಒಂದೇ ಅಳತೆಯಲ್ಲಿ. ಶಾಲೆಗಳು ಕೊಂಡವು. ಚನ್ನಪಟ್ಟಣದ ಒಬ್ಬ ಮೇಷ್ಟ್ರು ಮಕ್ಕಳು ಕೊನೆಯ ಚಿತ್ರವನ್ನು ನೋಡಿ ಕುಣಿದಾಡಿದರು ಅಂತ ಕಾಗದ ಬರೆದರು. ಒಬ್ಬರಾದರೂ, ದೊಡ್ಡವರಾಗಲಿ ಮಕ್ಕಳಾಗಲಿ, ಆರು ಕುರಿಗಳು ಐವತ್ತಾಗಿರುವುದನ್ನು ಗುರುತಿಸಲಿಲ್ಲ. ಗುರುತಿಸಲಿಲ್ಲವಲ್ಲ ಅಂತ ನನಗೆ ಸಮಾಧಾನವೇ ಆಗಿತ್ತು.

ನಮ್ಮ ಪಾಲಿನ ಪ್ರತಿ ತಡವಾಗಿ ಕೈಗೆ ಬಂತು. ಆ ಭಾನುವಾರ ನಾಗನೂ ನಾನೂ ಅವನ ಊರಿಗೆ ಹೋದೆವು. ತುಂತುರು ಮಳೆ. ಕುರಿದೊಡ್ಡಿಯಲ್ಲಿ ಈಗ ಸೌದೆ ಒಟ್ಟಿದ್ದರು, ನಾಗನ ಹೆಂಡತಿಯ ಸ್ಕೂಟಿ ನಿಂತಿತ್ತು. ಕಬ್ಬಾಳಯ್ಯ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು, ಮಂಡಿಗೆ ಪಟ್ಟಿ ಸುತ್ತಿಕೊಂಡಿದ್ದರು. ಪುಸ್ತಕ ಕೊಟ್ಟಾಗ ಮೊದಲು ಒಳಗೆ ಕೂಗಿ ನೀರು ತರಿಸಿ ಕೈ ತೊಳೆದುಕೊಂಡರು, ಟವೆಲ್ಲಿನಲ್ಲಿ ಒರೆಸಿಕೊಂಡರು, ಆಮೇಲೆ ತೆಗೆದುಕೊಂಡರು.

ಒಂದೊಂದು ಪುಟಕ್ಕೂ ಅವರು ತೆಗೆದುಕೊಂಡ ಹೊತ್ತು ನನಗೆ ಕೂತಲ್ಲಿ ಕೂರಲಾಗದಷ್ಟು ದೀರ್ಘವಾಗಿತ್ತು. ಬೆರಳಿಟ್ಟು ಹೆಸರು ಹೇಳುತ್ತಾ ಹೋದರು. "ಕೆಂಚಿ. ಇದು ಸಂತೆವ್ವ. ಮುರುಕಿವಿ ನೋಡು, ಎಂಗ್ ನಿಂತವಳೆ. ಮೇಷ್ಟ್ರು ಇವತ್ತೂ ಕೆಮ್ತಾವ್ನೆ." ಒಂದು ಪುಟದಲ್ಲಿ ನಕ್ಕರು. ಇನ್ನೊಂದರಲ್ಲಿ "ಪಾಪ, ಇದ್ರ ಕಾಲು ನೋಯ್ತಿತ್ತು ಆಗ" ಅಂದು ಚಿತ್ರದ ಕಾಲನ್ನು ಬೆರಳಿನಿಂದ ಸವರಿದರು. ಯಾವ ಮಾತನ್ನೂ ಓದಿ ಹೇಳು ಅಂತ ನಾಗನನ್ನು ಕೇಳಲಿಲ್ಲ. ನನ್ನ ಮಾತುಗಳಿಲ್ಲದೆಯೇ ಇಡೀ ಪುಸ್ತಕ ಅವರಿಗೆ ಅರ್ಥವಾಗುತ್ತಿತ್ತು.

ಕೊನೆಯ ಜೋಡಿಪುಟ ಬಂತು. ಬೆರಳು ಹಾಳೆಯ ಮೇಲೆ ಇಳಿಯಲಿಲ್ಲ, ಮೇಲೇ ನಿಂತಿತು. ಪುಸ್ತಕವನ್ನು ಹತ್ತಿರ ತಂದರು, ದೂರ ಹಿಡಿದರು. ಮಂಡಿ ಹಿಡಿದುಕೊಂಡು ಎದ್ದು ಜಗಲಿಯ ಅಂಚಿಗೆ, ಬೆಳಕಿಗೆ ಹೋಗಿ ನೋಡಿದರು. ಮಳೆ ಹನಿ ಬೀಳದ ಹಾಗೆ ಪುಸ್ತಕದ ಮೇಲೆ ಟವೆಲ್ಲು ಅಡ್ಡ ಹಿಡಿದಿದ್ದರು.

"ಇವು ಯಾರ್ ಮನೇವ್ಲಾ ನಾಗ?" ಅಂದರು.

ನಾಗ ನನ್ನ ಕಡೆ ನೋಡಲಿಲ್ಲ. "ಅದು ಪ್ರೆಸ್ಸಿನೋರು ಏನೋ ಎಡವಟ್ಟು ಮಾಡ್ಬುಟ್ರು ಅಪ್ಪ" ಅಂದ. ನನ್ನನ್ನು ಉಳಿಸಲು ಅವನು ಅಪ್ಪನ ಹತ್ತಿರ ಸುಳ್ಳು ಹೇಳುತ್ತಿದ್ದ. ನಾನು ಸುಮ್ಮನಿದ್ದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು.

"ಪ್ರೆಸ್ಸಿನವರಲ್ಲ ಅಯ್ಯ, ನಾಗನೂ ಅಲ್ಲ" ಅಂದೆ. "ನಾನೇ ಹೇಳಿ ಮಾಡಿಸಿದ್ದು. ಬೇಗ ಮುಗೀಲಿ ಅಂತ."

ಕಬ್ಬಾಳಯ್ಯ ನನ್ನ ಮುಖ ನೋಡಿದರು. ನಾದಿನಿ ಎಲ್ಲಿ, ಅತ್ತೆ ಎಲ್ಲಿ ಅಂತ ಕೇಳಲಿಲ್ಲ. ಪುಸ್ತಕ ಮುಚ್ಚಿ, ರಟ್ಟನ್ನು ಒಮ್ಮೆ ಟವೆಲ್ಲಿನಿಂದ ಒರೆಸಿ, ನನ್ನ ತೊಡೆಯ ಮೇಲೆ ಇಟ್ಟರು.

"ಅಂಗಾದ್ರೆ ಇವು ನಿನ್ನವು ಕಣವ್ವ" ಅಂದರು. "ನೀನೇ ಮೇಯಿಸ್ಕೊ."